ಆರನೇ ಡಿವಿಷನ್‌ಗೆ ಏಳು ಜನ

ಮನೆಯ ಬೀಗದ ಕೈಗಿಂತ ಮೊದಲು ಮಾಲೀಕರಾದ ಮುದುಕರು ನನ್ನ ಕೈಗೆ ಒಂದು ಚೀಲ ಕೊಟ್ಟರು. ಒಳಗೆ ಹದಿನಾರು ಒದ್ದೆ ಫುಟ್‌ಬಾಲ್ ಜರ್ಸಿಗಳು. ಹದಿನಾಲ್ಕೂ ಇದ್ದಿರಬಹುದು; ಎಣಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ವಾಸನೆಯ ಬಗ್ಗೆ ಮಾತ್ರ ನನಗೆ ಯಾವ ಅನುಮಾನವೂ ಇಲ್ಲ.

"ನಲವತ್ತು ಡಿಗ್ರಿಯಲ್ಲಿ ಒಗೆ. ಅರವತ್ತಕ್ಕೆ ಹಾಕಿದರೆ ಬಣ್ಣ ಬಿಡುತ್ತವೆ," ಎಂದರು.

"ಯಾರ ಬಟ್ಟೆ ಇವು?"

"ನಿನ್ನ ತಂಡದ್ದು."

ನಾನು ಸ್ವೀಡನ್ನಿಗೆ ಬಂದು ಆಗ ಆರು ವಾರ. ನನಗೊಂದು ತಂಡವಿದೆ ಎಂದು ನನಗೆ ಗೊತ್ತಿರಲಿಲ್ಲ.

ನಾನು ಬೆಟಗೇರಿಯವನು. ನಿಲ್ಲಲು ನೆರಳು ಬೇಕೆಂದರೆ ಬೇವಿನ ಮರವನ್ನು ಹುಡುಕಿಕೊಂಡು ಹೋಗಬೇಕಾದ ಊರು ಅದು. ಅಲ್ಲಿಂದ ಸ್ವೀಡನ್ನಿನ ಉತ್ತರ ತುದಿಯ ವಿಶ್ವವಿದ್ಯಾಲಯಕ್ಕೆ, ಸ್ಪ್ರೂಸ್ ಎಂಬ ಮರದ ವಂಶವಾಹಿಗಳನ್ನು ಅಭ್ಯಾಸ ಮಾಡಲು ಬಂದೆ. ಇಲ್ಲಿ ಮರಕ್ಕೆ ಬರವಿಲ್ಲ, ಮನೆಗೆ ಬರ. ಪೇಟೆಯಲ್ಲಿ ಬಾಡಿಗೆ ಮನೆ ಬೇಕೆಂದರೆ ಸರದಿಯ ಪಟ್ಟಿಯಲ್ಲಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ನಮ್ಮಲ್ಲಿ ಮನೆ ಮಾಲೀಕರು ಜಾತಿ ಕೇಳುತ್ತಾರೆ, ಮೊಟ್ಟೆ ತಿನ್ನುತ್ತೀರಾ ಎಂದು ಕೇಳುತ್ತಾರೆ. ಪೇಟೆಯಿಂದ ಮೂವತ್ತು ಕಿಲೋಮೀಟರ್ ಆಚೆ, ನದಿಯ ದಂಡೆಯ ಹಳ್ಳಿಯಲ್ಲಿ ತಮ್ಮ ಕೆಳಮನೆ ಬಾಡಿಗೆಗೆ ಕೊಡುತ್ತಿದ್ದ ಯೋತೆ ಕೇಳಿದ್ದು ಒಂದೇ: "ಕ್ಲಬ್ಬಿನ ಕೆಲಸ ಸ್ವಲ್ಪ ಮಾಡುತ್ತೀಯಾ?"

ನಾನು ನಕ್ಕು "ನೋಡೋಣ" ಎಂದೆ. ನಮ್ಮ ಕಡೆ ಮರ್ಯಾದೆಯಿಂದ ಇಲ್ಲ ಎನ್ನುವ ರೀತಿ ಅದು. ಯೋತೆ ಅದನ್ನು ಹೌದು ಎಂದು ಬರೆದುಕೊಂಡು, ಮರುವಾರ ನಾನಿಲ್ಲದ ವಾರ್ಷಿಕ ಸಭೆಯಲ್ಲಿ ಮರದ ಸುತ್ತಿಗೆ ಕುಟ್ಟಿ ನನ್ನನ್ನು ಲಾಗ್‌ಲೆಡಾರೆ ಎಂದು ಆರಿಸಿಬಿಟ್ಟರು. ತಂಡದ ನಾಯಕ ಎಂದು ಆ ಪದದ ಅರ್ಥ. ಜರ್ಸಿ ಒಗೆಯುವವನು, ಚೆಂಡಿಗೆ ಗಾಳಿ ತುಂಬುವವನು, ಪಂದ್ಯದ ಫಾರಂ ತುಂಬುವವನು ಎಂದು ಆ ಕೆಲಸದ ಅರ್ಥ. ನನಗೆ ಫುಟ್‌ಬಾಲ್ ಬಾರದು ಎಂದೆ. "ಅವರಿಗೂ ಬಾರದು," ಎಂದರು ಯೋತೆ.

ಯೋತೆಯವರಿಗೆ ಎಪ್ಪತ್ತೆಂಟು ವರ್ಷ. ಸ್ವೀಡಿಷ್‌ನಲ್ಲಿ ದೊಡ್ಡವರಿಗೂ ಚಿಕ್ಕವರಿಗೂ ಒಂದೇ 'ನೀನು'. ಅಷ್ಟು ವಯಸ್ಸಾದವರನ್ನು ಹೆಸರು ಹಿಡಿದು ಏಕವಚನದಲ್ಲಿ ಕರೆಯುವಾಗ ಮೊದಲ ವರ್ಷವಿಡೀ ಯಾರೋ ಬೆನ್ನಿಗೆ ಗುದ್ದುತ್ತಾರೆ ಅನ್ನಿಸುತ್ತಿತ್ತು. ಇಲ್ಲಿ ಬರೆಯುವಾಗ ಬಹುವಚನ ಹಾಕಿ ಸಾಲ ತೀರಿಸುತ್ತಿದ್ದೇನೆ.

ಈ ಲೀಗಿನ ರಚನೆಯನ್ನು ಅವರು ನನಗೆ ಅಡುಗೆಮನೆಯ ಮೇಜಿನ ಮೇಲೆ ಸಕ್ಕರೆ ತುಂಡುಗಳನ್ನು ಪೇರಿಸಿ ಕಲಿಸಿದರು. ತುದಿಯಲ್ಲಿ ಟಿವಿಯಲ್ಲಿ ಬರುವವರು. ಅವರ ಕೆಳಗೆ ಇನ್ನೊಂದು ಲೀಗು, ಅದರ ಕೆಳಗೆ ಮತ್ತೊಂದು, ಆಮೇಲೆ ಎರಡು, ಮೂರು, ನಾಲ್ಕು ಎಂದು ಸಂಖ್ಯೆಯ ಡಿವಿಷನ್‌ಗಳು. ಕೆಳಗಿಳಿದಷ್ಟೂ ಆಟ ಸಣ್ಣದಾಗಿ, ಊರುಗಳು ಹೆಚ್ಚಾಗುತ್ತವೆ. ದೊಡ್ಡ ಪಟ್ಟಣಗಳಲ್ಲಿ ಈ ಏಣಿ ಇನ್ನೂ ಆಳಕ್ಕೆ ಹೋಗುತ್ತದಂತೆ. ನಮ್ಮ ಕಡೆ ಆರಕ್ಕೇ ಮುಗಿಯುತ್ತದೆ. ಅದಕ್ಕಿಂತ ಕೆಳಗೆ ಬೀಳಲು ಇಲ್ಲಿ ಜನವಿಲ್ಲ. ನಾವು ಆರರಲ್ಲಿ ಇದ್ದೆವು, ಕೊನೆಯಿಂದ ಎರಡನೆಯವರಾಗಿ. ನೆರೆಯ ತಂಡ ನೂರಿಪ್ಪತ್ತು ಕಿಲೋಮೀಟರ್ ದೂರ. ನಮ್ಮೂರಿನಲ್ಲಾದರೆ ಅಷ್ಟು ದೂರಕ್ಕೆ ಹೆಣ್ಣು ಕೊಡುವ ಮುನ್ನ ಯೋಚಿಸುತ್ತಾರೆ.

"ಒಂದು ಸಲ ಮೇಲಿನವರು ನಡುವೆ ಒಂದು ಹೊಸ ಮಹಡಿ ತುರುಕಿದರು," ಎಂದು ಯೋತೆ ಸಕ್ಕರೆ ರಾಶಿಯ ನಡುವೆ ಒಂದು ತುಂಡು ಸೇರಿಸಿದರು. "ನಾವು ಸೋತಿರಲಿಲ್ಲ. ಡಿವಿಷನ್ನಿನ ನಂಬರು ಅದೇ ಇತ್ತು. ಆದರೂ ಮರುದಿನ ಒಂದು ಮೆಟ್ಟಿಲು ಕೆಳಗಿದ್ದೆವು." ಪ್ರಮೋಷನ್ ಸಿಗದೆ ನಿವೃತ್ತರಾದ ಗುಮಾಸ್ತರ ದನಿ ಅದು.

ಅವರ ಹುಡುಗತನದಲ್ಲಿ ನದಿಯುದ್ದಕ್ಕೂ ಮರ ಕೊಯ್ಯುವ ಕಾರ್ಖಾನೆಗಳಿದ್ದವು, ಪ್ರತಿ ಕಾರ್ಖಾನೆಗೊಂದು ತಂಡ. ಒಳ್ಳೆಯ ಗೋಲ್‌ಕೀಪರನಿಗೆ ಮರದ ದಿಮ್ಮಿ ಎಳೆಯುವ ಕೆಲಸ ಕೊಡುತ್ತಿರಲಿಲ್ಲ, ಬೆರಳು ಹೋಗಬಾರದೆಂದು. ಕಾರ್ಖಾನೆಗಳು ಮುಚ್ಚಿದವು, ತಂಡಗಳು ಒಂದರೊಳಗೊಂದು ಸೇರಿಕೊಂಡವು. ನಮ್ಮ ಕ್ಲಬ್ಬು ನದಿಯ ಈಚೆಯ ಹಳ್ಳಿಗೂ ಆಚೆಯ ಹಳ್ಳಿಗೂ ಆದ ಮದುವೆ. ಆದ್ದರಿಂದ ನಮಗೆ ಎರಡು ಮೈದಾನಗಳಿವೆ. ಆಚೆಯ ಮೈದಾನವನ್ನು ನೋಡಿಕೊಳ್ಳುವವರು ರೂನೆ ಎಂಬ ಇನ್ನೊಬ್ಬ ಹಿರಿಯರು. ಹೊಸ ಗೋಲುಗಂಬ ಯಾವ ಮೈದಾನಕ್ಕೆ ಎಂಬ ಜಗಳದ ನಂತರ ಅವರಿಬ್ಬರೂ ಮಾತು ಬಿಟ್ಟಿದ್ದರು. ಜಗಳ ಗೋಲುಗಂಬದ್ದಲ್ಲ, ಹುಲ್ಲು ಕತ್ತರಿಸುವ ಯಂತ್ರದ್ದು ಎಂದು ಇನ್ನೊಂದು ಸಲ ಯೋತೆಯೇ ಹೇಳಿದ್ದಾರೆ. ನಾನು ಎರಡನ್ನೂ ಬರೆದಿಟ್ಟಿದ್ದೇನೆ, ಎರಡನ್ನೂ ನಂಬುವುದಿಲ್ಲ.

ಆರನೇ ಡಿವಿಷನ್ನಿನ ವಿಶೇಷವೇನೆಂದರೆ, ಸೋತು ಕೆಳಗೆ ಹೋಗಲಾಗದು. ಹೋಗುವ ದಾರಿ ಒಂದೇ: ಪಂದ್ಯಕ್ಕೆ ಬಾರದಿರುವುದು. ಒಂದು ಸಲ ಗೈರಾದರೆ ದಂಡ. ಎರಡನೇ ಸಲ ಗೈರಾದರೆ ಲೀಗಿನಿಂದಲೇ ಹೊರಗೆ. ನಾವು ಮೇ ತಿಂಗಳಲ್ಲೇ ಒಂದು ಸಲ ಗೈರಾಗಿದ್ದೆವು. ಅಂದು ವ್ಯಾನಿನ ಚಕ್ರ ಕರಗುತ್ತಿದ್ದ ಮಣ್ಣಿನಲ್ಲಿ ಹೂತುಹೋಗಿತ್ತು.

"ಇನ್ನೊಂದು ಸಲ ಹಾಗಾದರೆ ಕಮ್ಯೂನ್ ನಮ್ಮ ಹುಲ್ಲು ಕತ್ತರಿಸುವುದನ್ನು ನಿಲ್ಲಿಸುತ್ತದೆ," ಎಂದರು ಯೋತೆ. ಕಮ್ಯೂನ್ ಎಂದರೆ ಇಲ್ಲಿನ ಪುರಸಭೆ. "ತಂಡವಿಲ್ಲದ ಮೈದಾನಕ್ಕೆ ಅವರು ಬರುವುದಿಲ್ಲ. ಮೂರು ವರ್ಷಕ್ಕೆ ಮೈದಾನದ ನಡುವೆ ಬರ್ಚ್ ಗಿಡಗಳು ಎದ್ದಿರುತ್ತವೆ. ನಾನು ಆ ಗೆರೆಗಳನ್ನು ಐವತ್ತು ವರ್ಷದಿಂದ ಎಳೆಯುತ್ತಿದ್ದೇನೆ." ಅವರು ಅಳಲಿಲ್ಲ. ಉತ್ತರದವರು ಅಳುವುದಿಲ್ಲ, ಕಾಫಿ ಹಾಕಿಕೊಳ್ಳುತ್ತಾರೆ. ಮೂರನೇ ಲೋಟ ಹಾಕಿಕೊಂಡರು.

ಸೆಪ್ಟೆಂಬರಿನ ಮೊದಲ ಸೋಮವಾರ ಇಲ್ಲಿ ಮೂಸ್ ಬೇಟೆ ಶುರು. ಮೂಸ್ ಎಂದರೆ ನಮ್ಮ ಕಡವೆಯ ದೊಡ್ಡಪ್ಪ. ಕಚೇರಿಗಳು ಖಾಲಿ, ಕೊಳಾಯಿ ರಿಪೇರಿಯವನು ಸಿಗುವುದಿಲ್ಲ, ಹಲ್ಲಿನ ಡಾಕ್ಟರೂ ಸಿಗುವುದಿಲ್ಲ. ನಮ್ಮ ತಂಡದ ಮುಂಚೂಣಿ, ನಡುಭಾಗ, ಹಿಂಭಾಗ ಎಲ್ಲವೂ ಬಂದೂಕು ಹಿಡಿದು ಕಾಡಿಗೆ ಹೋದವು. ಆ ಶನಿವಾರವೇ ನಮ್ಮ ಮೈದಾನದಲ್ಲಿ ಎರಡು ಗಂಟೆಗೆ ಪಂದ್ಯ. ಊರಲ್ಲಿ ಉಳಿದವರು ನಾಲ್ವರು: ರಕ್ತ ಕಂಡರೆ ತಲೆ ತಿರುಗುವ ಬೇಕರಿಯ ಎಮಿಲ್, ವೃದ್ಧರ ಆರೈಕೆಯ ಕೆಲಸದಲ್ಲಿದ್ದ ಎರಿಟ್ರಿಯಾದ ಇಬ್ಬರು ಅಣ್ಣತಮ್ಮಂದಿರು, ಐವತ್ತು ದಾಟಿದ ಪಿ.ಟಿ. ಮೇಷ್ಟ್ರು. ಪಂದ್ಯ ಶುರುವಾಗಲು ಕನಿಷ್ಠ ಏಳು ಜನ ಬೇಕು. ನಾನು ಐದನೆಯವನಾದೆ. ಇನ್ನಿಬ್ಬರು?

ಆ ಶನಿವಾರವೇ ಗಣೇಶ ಚೌತಿ ಕೂಡ. ಪೇಟೆಯಲ್ಲಿ ಬಾಡಿಗೆ ಹಾಲಿನಲ್ಲಿ ಕನ್ನಡಿಗರೆಲ್ಲ ಸೇರುವವರಿದ್ದರು. ಮಂಜು ತುಮಕೂರಿನವನು, ಇದೇ ವಿಶ್ವವಿದ್ಯಾಲಯದ ಸಂಶೋಧಕ. ಶರತ್ ಬೆಂಗಳೂರಿನವನು, ಸಾಫ್ಟ್‌ವೇರು. ಇಬ್ಬರಿಗೂ ವಾರ ಮೊದಲೇ ಒಟ್ಟಿಗೆ ಫೋನ್ ಮಾಡಿದೆ.

"ಫುಟ್‌ಬಾಲಾ? ಏನ್ ಗುರೂ, ನಾವು ಕ್ರಿಕೆಟ್ ಆಡೋರು," ಎಂದ ಮಂಜು.

"ನಿಂತ್ಕೊಂಡ್ರೆ ಸಾಕು. ತೊಂಬತ್ತು ನಿಮಿಷ."

"ನಿಂತ್ಕೊಳ್ಳೋದು ಸ್ಟೇಟ್ ಲೆವೆಲ್ ಆಡಿದ್ದೀನಿ," ಎಂದ ಶರತ್.

ಇಬ್ಬರ ಪರ್ಸೂನ್‌ನುಮ್ಮರ್, ಅಂದರೆ ಸ್ವೀಡನ್ನಿಗೆ ನಮ್ಮ ಹೆಸರಿಗಿಂತ ಚೆನ್ನಾಗಿ ಗೊತ್ತಿರುವ ಆ ನಂಬರು, ಪಡೆದು ನೋಂದಾಯಿಸಿದೆ. ಆಮೇಲೆ ಜಾಣತನ ಮಾಡಿದೆ. ನಮ್ಮವರಿಗೆ ಒಂದು ಗಂಟೆಗೆ ಬನ್ನಿ ಎಂದರೆ ಎರಡೂವರೆಗೆ ಬರುತ್ತಾರೆ. ಅದಕ್ಕೇ ಹನ್ನೆರಡಕ್ಕೆ ಬನ್ನಿ ಎಂದೆ. ಮದುವೆಯ ಮುಹೂರ್ತದಲ್ಲೂ ನಾವು ಹೀಗೇ ಮಾಡುತ್ತೇವಲ್ಲ.

ಶನಿವಾರ ನಾನು ಮೈದಾನ ಮುಟ್ಟಿದ್ದು ಹನ್ನೆರಡೂ ಮುಕ್ಕಾಲಿಗೆ. ಒಂದಾಯಿತು, ಒಂದೂವರೆಯಾಯಿತು. ಎದುರಾಳಿಗಳು ಕರಾವಳಿಯ ಊರಿನವರು, ಮೀನಿನವರು, ಬೇಟೆಯ ಹುಚ್ಚಿಲ್ಲ. ಹದಿನಾಲ್ಕು ಜನ ಬಂದು ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ನಾವು ಐವರು ನಿಂತು ಅವರನ್ನು ನೋಡುತ್ತಿದ್ದೆವು. ಯೋತೆ ಎಳೆದಾಗಿದ್ದ ಗೆರೆಗಳ ಮೇಲೇ ಮತ್ತೆ ಸುಣ್ಣ ಎಳೆಯುತ್ತಿದ್ದರು. ಮಂಜುವಿನ ಫೋನು ಹತ್ತುತ್ತಿರಲಿಲ್ಲ. ನದಿಯ ತಿರುವುಗಳಲ್ಲಿ ನೆಟ್‌ವರ್ಕ್ ಇಲ್ಲ. ಹಬ್ಬದ ಹಾಲ್‌ನಲ್ಲಿದ್ದ ನನ್ನ ಹೆಂಡತಿ ಸುಧಾಳಿಗೆ ಮಾಡಿದೆ.

"ರೀ, ಅವರು ಹನ್ನೊಂದೂ ಕಾಲಿಗೇ ಹೊರಟ್ರಲ್ಲ! ಮಂಗಳಾರತಿನೂ ತಗೊಳ್ಳಲಿಲ್ಲ. ಲೇಟಾಗಬಾರದು ಅಂತ ಓಡಿದ್ರು."

ಮಂಜು ಇಲ್ಲಿಗೆ ಬಂದು ಎಂಟು ವರ್ಷ, ಶರತ್ ಆರು. ನಾನು ಲೆಕ್ಕ ಹಾಕಿದ್ದು ಊರಿನಲ್ಲಿ ಬಿಟ್ಟುಬಂದ ಮಂಜುವನ್ನು. ಕಾರಿನಿಂದ ಇಳಿದದ್ದು ಸ್ವೀಡನ್ನಿನ ಮಂಜು. ಆಮೇಲೆ ತಿಳಿದಂತೆ, ಅವರು ಹನ್ನೊಂದು ಐವತ್ತೆಂಟಕ್ಕೆ ಬಂದು, ಬೀಗ ಹಾಕಿದ ಗೇಟು ನೋಡಿ, ಎರಡು ನಿಮಿಷ ಕಾದು, ಹನ್ನೆರಡಕ್ಕೂ ಯಾರೂ ಬಾರದಿದ್ದರೆ ಇದು ತಪ್ಪು ಮೈದಾನವೇ ಸರಿ ಎಂದು ತೀರ್ಮಾನಿಸಿ, ಫೋನಿನ ನಕ್ಷೆಯಲ್ಲಿ ನಮ್ಮ ಕ್ಲಬ್ಬಿನ ಇನ್ನೊಂದು ಮೈದಾನ ಹುಡುಕಿಕೊಂಡು ಆಚೆಯ ದಂಡೆಗೆ ಹೋಗಿದ್ದರು.

"ಆಚೆಯ ಮೈದಾನಕ್ಕೆ ಹೋಗಿರಬೇಕು," ಎಂದೆ ಯೋತೆಗೆ. "ರೂನೆಗೆ ಫೋನ್ ಮಾಡಬೇಕು. ಅವರ ಮನೆಯ ಫೋನು ಹತ್ತುತ್ತದೆ."

ಯೋತೆ ಸುಣ್ಣದ ಗಾಡಿ ನಿಲ್ಲಿಸಿದರು. ಮೈದಾನ ನೋಡಿದರು, ನನ್ನನ್ನು ನೋಡಿದರು. "ನೀನೇ ಮಾಡು."

"ನನ್ನ ಸ್ವೀಡಿಷ್ ಅವರಿಗೆ ಅರ್ಥವಾಗುವುದಿಲ್ಲ." ಇದು ಸುಳ್ಳು. ನನ್ನ ಸ್ವೀಡಿಷ್ ಅಷ್ಟು ಕೆಟ್ಟದ್ದೇನಲ್ಲ. ಏಕೆ ಹಾಗಂದೆನೋ ಇವತ್ತಿಗೂ ಗೊತ್ತಿಲ್ಲ.

ಅವರು ಫೋನು ಹಚ್ಚಿದರು. ಅಷ್ಟು ವರ್ಷಗಳ ನಂತರದ ಮೊದಲ ಸಂಭಾಷಣೆ ಹೀಗಿತ್ತು:

"ನಾನು, ಯೋತೆ."

"ಹೂಂ."

"ನಿನ್ನ ಕಡೆ ಇಬ್ಬರು ಇಂಡಿಯಾದವರಿದ್ದಾರಾ?"

"ಇದ್ದಾರೆ. ನಮ್ಮ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾರೆ. ಒಬ್ಬ ಸೀರೆ ಉಟ್ಟಿದ್ದಾನೆ."

ನಾನು ಫೋನು ಕಸಿದುಕೊಂಡು, ಅವನಿಗೆ ಕೊಡಿ ಎಂದೆ. ಕನ್ನಡಿಗರ ನಡುವೆ ನನ್ನ ಬೆಟಗೇರಿ ಮಾತನ್ನು ತಗ್ಗಿಸಿಯೇ ಆಡುವವನು ನಾನು. ಅಂದು ಅದು ತಾನಾಗಿಯೇ ಹೊರಬಿತ್ತು. "ಏ ಮಂಜ್ಯಾ! ಅಲ್ಲೇನ್ ಕುಂತು ಕಾಫಿ ಕುಡಿಯಾಕತ್ತೀರಲೇ? ಓಡಿ ಬರ್ರಿ!"

"ಹನ್ನೆರಡು ಅಂದ್ರೆ ಹನ್ನೆರಡೇ ಅಲ್ವಾ ಗುರೂ?" ಎಂದ ಮಂಜು, ನಿಜವಾಗಿ ನೊಂದು. "ನೀನು ಯಾವ ಕಾಲದಲ್ಲಿದ್ದೀಯ?"

ರೆಫರಿ ಇಪ್ಪತ್ತರ ಆಸುಪಾಸಿನ ಹುಡುಗಿ. ನಿಯಮದ ಪ್ರಕಾರ ಹದಿನೈದು ನಿಮಿಷ ಕಾಯುತ್ತೇನೆ ಎಂದಳು. ಎರಡು ಗಂಟೆ ಹದಿನಾಲ್ಕು ನಿಮಿಷಕ್ಕೆ ಧೂಳೆಬ್ಬಿಸಿಕೊಂಡು ಕಾರು ಬಂತು. ಶರತ್ ಹನ್ನೊಂದು ಎನ್ನುತ್ತಾನೆ. ನನ್ನ ನೆನಪಿನಲ್ಲಿ ಹದಿನಾಲ್ಕು, ಏಕೆಂದರೆ ಹದಿನಾಲ್ಕೇ ಹೆಚ್ಚು ಚೆನ್ನಾಗಿದೆ. ಹಿಂದೆಯೇ ರೂನೆಯ ಹಳೆಯ ಕಾರು. ಮಂಜು ಜರಿ ಅಂಚಿನ ರೇಷ್ಮೆ ಪಂಚೆಯಲ್ಲೇ ಇಳಿದು, ಬೇಲಿಯ ಮರೆಯಲ್ಲಿ ಚಡ್ಡಿ ಹಾಕಿಕೊಂಡು ಓಡಿ ಬಂದ. ಏಳು ಜನವಾದೆವು. ಯೋತೆ ನಮ್ಮನ್ನು ಎಣಿಸಿದರು, ಮತ್ತೊಮ್ಮೆ ಎಣಿಸಿದರು.

ಶುರುವಾದ ನಾಲ್ಕನೇ ನಿಮಿಷಕ್ಕೆ ರೆಫರಿ ಸೀಟಿ ಊದಿ ಮಂಜುವಿನ ಬಳಿ ಓಡಿದಳು. ಅವನ ಹಣೆಯ ಕುಂಕುಮ ಬೆವರಿಗೆ ಮೂಗಿನವರೆಗೆ ಇಳಿದಿತ್ತು. ರಕ್ತ ಸುರಿಸುವ ಆಟಗಾರ ಹೊರಗೆ ಹೋಗಬೇಕು. ಅವನು ಹೋದರೆ ನಾವು ಆರು. ಅಷ್ಟರಲ್ಲಿ ಗೋಲಿನಲ್ಲಿದ್ದ ಎಮಿಲ್ ಆ ಕೆಂಪು ನೋಡಿ ಮೆಲ್ಲನೆ ಗಂಬ ಹಿಡಿದು ಕುಳಿತುಬಿಟ್ಟ.

"ಇದು ಪೂಜೆಯ ಪುಡಿ, ದೇವರದ್ದು," ಎಂದ ಮಂಜು.

ಅವಳು ಬೆರಳಿನಿಂದ ಮುಟ್ಟಿ ನೋಡಿ ಯೋಚಿಸಿದಳು. "ಇನ್ನೊಬ್ಬರಿಗೆ ಗಾಯ ಮಾಡುತ್ತದೆಯೇ?"

"ಇಲ್ಲ."

"ಹಾಗಾದರೆ ಆಡು."

ನಾವು ಒಂದಕ್ಕೆ ಹನ್ನೊಂದು ಗೋಲುಗಳಿಂದ ಸೋತೆವು. ಆ ಒಂದು ಗೋಲು ಎದುರಾಳಿಯ ಮೊಣಕಾಲಿಗೆ ತಗುಲಿ ಅವರದೇ ಬಲೆಗೆ ಹೋದದ್ದು. ಫಾರಂ ತುಂಬುವವನು ನಾನಾದ್ದರಿಂದ ಮಂಜುವಿನ ಹೆಸರು ಬರೆದೆ. ಈ ಲೀಗಿನ ಇತಿಹಾಸ ಓದುವವರು ಇಷ್ಟನ್ನು ತಿಳಿದಿರಲಿ. ಕೊನೆಯ ಸೀಟಿಯಾದಾಗ ಯೋತೆ ಮತ್ತು ರೂನೆ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕುಳಿತು, ಪೂಜೆ ಮುಗಿಸಿ ಬಂದಿದ್ದ ಸುಧಾ ತಂದ ಕಡುಬನ್ನು ಒಂದೇ ಡಬ್ಬಿಯಿಂದ ತಿನ್ನುತ್ತಿದ್ದರು.

ತಂಡ ಉಳಿಯಿತು. ಚಳಿಗಾಲದಲ್ಲಿ ಮುಂದಿನ ಸಾಲಿನ ನೋಂದಣಿಯ ಫಾರಂ ಬಂತು. ಯಾವ ದಿನಗಳಲ್ಲಿ ಪಂದ್ಯ ಬೇಡ ಎಂದು ಬರೆಯಲು ಅದರಲ್ಲೊಂದು ಜಾಗವಿದೆ. ಮೂಸ್ ಬೇಟೆಗೆ ಅಲ್ಲಿ ವಿನಾಯಿತಿ ಸಿಗುವುದಿಲ್ಲ; ಎಲ್ಲರೂ ಕೇಳಿಬಿಡುತ್ತಾರೆ. ಯೋತೆ ಪೆನ್ಸಿಲ್ ಹಿಡಿದು ಕೆಳಮನೆಗೆ ಇಳಿದು ಬಂದರು.

"ನಿಮ್ಮ ಆನೆಯ ಹಬ್ಬ ಯಾವಾಗ?"

ಪಂಚಾಂಗ ನೋಡಿದೆ. "ಈ ಸಲ ಆಗಸ್ಟಿನಲ್ಲಿ, ಬುಧವಾರ."

"ಪ್ರತಿ ವರ್ಷ ಬದಲಾಗುತ್ತದಾ? ಯಾರು ನಿರ್ಧರಿಸುವುದು?"

"ಚಂದ್ರ."

ನಮ್ಮ ಲೀಗಿನ ಕಚೇರಿಯೇ ವಾಸಿ ಎಂಬಂತೆ ಅವರು ನನ್ನನ್ನು ನೋಡಿದರು. "ಹಾಗಾದರೆ ಬೇಟೆಯ ಶನಿವಾರ ನೀವು ಮೂವರೂ ಖಾಲಿ."

"ಖಾಲಿ."

"ಅದರ ಮರುವರ್ಷ?"

"ಸೆಪ್ಟೆಂಬರು. ಬೇಟೆ ನಡೆಯುತ್ತಿರುವಾಗಲೇ."

ಅವರು ಅದನ್ನೂ ಗುರುತು ಹಾಕಿಕೊಂಡರು. "ಅವತ್ತು ಎರಡನ್ನೂ ನೋಡಿಕೊಳ್ಳಬೇಕು. ನೀನು ಇರುತ್ತೀಯಲ್ಲ?"

ಹಿಂದಿನ ಭಾನುವಾರವಷ್ಟೇ ಬೆಟಗೇರಿಯಿಂದ ನನ್ನ ತಮ್ಮ ಫೋನ್ ಮಾಡಿದ್ದ. ಯೋತೆ ಗುರುತು ಹಾಕಿದ ಅದೇ ವರ್ಷ ನಮ್ಮ ಓಣಿಯ ಗಣಪತಿ ಕೂಡಿಸುವ ಸರದಿ ನಮ್ಮ ಮನೆಯದು. "ಅಣ್ಣಾ, ಆ ವರ್ಷ ನೀ ಬರ್ಲಿಲ್ಲಂದ್ರ ನಡಿಯೂದಿಲ್ಲ ನೋಡು. ಜನ ಸಾಲೂದಿಲ್ಲ," ಎಂದಿದ್ದ.

ಇಬ್ಬರಿಗೂ ಇರುತ್ತೇನೆ ಎಂದೇ ಹೇಳಿದ್ದೇನೆ.