ದಿನಕ್ಕೆ ಎಂಟು ಸಲ ಹಲ್ಲುಜ್ಜುವವರು

ಸತ್ಯವನ್ನು ಅರಿತ ಮನುಷ್ಯನು ಸನ್ಮಾರ್ಗವನ್ನು ತಾನಾಗಿಯೇ ಹಿಡಿಯುತ್ತಾನೆ ಎಂಬುದು ಪ್ರಾಜ್ಞರೆಲ್ಲರೂ ಒಪ್ಪಿದ ಸಿದ್ಧಾಂತ. ಇದನ್ನು ನನಗೆ ಬೋಧಿಸಿದವರು ನಮ್ಮ ಕಚೇರಿಗೆ ವರ್ಷಕ್ಕೊಮ್ಮೆ ಬರುತ್ತಿದ್ದ ವೈದ್ಯರು. ಬೋಧಿಸುತ್ತಲೇ ಸಿಗರೇಟಿನ ಬೂದಿಯನ್ನು ನನ್ನ ರಕ್ತಪರೀಕ್ಷೆಯ ವರದಿಯ ಮೇಲೆ ಕೊಡವಿದರು. ಅರಿವಿನಿಂದ ಆಚಾರಕ್ಕೆ ಪುಣೆಯಿಂದ ಲೋಣಾವಳೆಗಿರುವಷ್ಟಾದರೂ ದೂರವಿದೆ, ಓದುಗ ಮಿತ್ರರೇ; ಲೋಣಾವಳೆಗೆ ಲೋಕಲ್ ಗಾಡಿಯಾದರೂ ಉಂಟು.

ನಾನು ಹೇಳಹೊರಟಿರುವುದು ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ಚಂದ್ರವ್ವನ ವಿಷಯ. ಗದಗಿನ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದ ಆಕೆ ಇಲ್ಲಿನ ನೆರೆಹೊರೆಯಿಂದ ಎರಡು ವಿದ್ಯೆಗಳನ್ನು ಸಂಪಾದಿಸಿದ್ದಳು: ಮರಾಠಿಯಲ್ಲಿ ಜಗಳವಾಡುವುದು ಮತ್ತು ಮಿಶ್ರಿ ಹಚ್ಚುವುದು. ಮಿಶ್ರಿ ಎಂದರೆ ಹಿಂದಿಯವರಿಗೆ ಕಲ್ಲುಸಕ್ಕರೆ. ಪುಣೆಯ ಹೆಂಗಸರಿಗೆ, ತವೆಯ ಮೇಲೆ ಕರ್ರಗೆ ಹುರಿದು ಪುಡಿಮಾಡಿದ ತಂಬಾಕು. ಅದನ್ನು ಬೆರಳಿಗೆ ಅಂಟಿಸಿಕೊಂಡು ಹಲ್ಲಿಗೂ ಒಸಡಿಗೂ ತಿಕ್ಕಿ, ಹಿತ್ತಿಲ ಮೆಟ್ಟಿಲ ಮೇಲೆ ಕಣ್ಣು ಅರೆಮುಚ್ಚಿ ಕುಳಿತ ಚಿಗವ್ವನನ್ನು ಕಂಡರೆ ಋಷಿಪತ್ನಿಯರ ನೆನಪಾಗುತ್ತಿತ್ತು. ವಿಧವೆಯಾದ ಮೇಲೆ ಆಕೆ ಧನಕವಡಿಯ ನಮ್ಮ ಮನೆಗೇ ಬಂದು ನಿಂತಳು; ತೊಂಬತ್ತರ ದಶಕದ ನಡುವೆ ಆಕೆಯ ಕೆನ್ನೆಯ ಒಳಬದಿಗೆ ಬಟಾಣಿಯಗಲದ ಬಿಳಿಯ ಕಲೆಯೊಂದು ಮೂಡಿತು.

ಹಲ್ಲಿನ ಡಾಕ್ಟರು ಮೊದಲು ಕೇಳಿದ್ದೇ ತಂಬಾಕಿನ ಅಭ್ಯಾಸ ಇದೆಯೇ ಎಂದು. ಚಿಗವ್ವ ಶಿವನ ಹೆಸರೆತ್ತಿ ಇಲ್ಲವೆಂದಳು. ಜೊತೆಗಿದ್ದ ನಾನು, ನಮ್ಮ ಮನೆತನದಲ್ಲೇ ಅಂಥದ್ದಿಲ್ಲ ಎಂದು ಗಂಭೀರವಾಗಿ ಸಾಕ್ಷಿ ನುಡಿದೆ. ಇಬ್ಬರೂ ಸುಳ್ಳು ಹೇಳಿರಲಿಲ್ಲ. ನಮ್ಮ ಮನೆಯ ನಿಘಂಟಿನಲ್ಲಿ ತಂಬಾಕು ಎಂದರೆ ಗಂಡಸರು ಅಂಗೈಯಲ್ಲಿ ಸುಣ್ಣ ಬೆರೆಸಿ ತಿಕ್ಕಿ ತುಟಿಯೊಳಗಿಡುವ ಪದಾರ್ಥ. ಹೆಂಗಸರು ಹಲ್ಲಿಗೆ ತಿಕ್ಕುವುದು ಸ್ನಾನದ ಸಾಲಿಗೆ ಸೇರಿದ ಶುಚಿಕರ್ಮ. ವಾರಕ್ಕೊಮ್ಮೆ ಮನೆಯ ತುಂಬ ತಂಬಾಕು ಹುರಿಯುವ ಹೊಗೆ ಕವಿದು ನಾನು ಕೆಮ್ಮುತ್ತ ಹೊರಗೋಡುತ್ತಿದ್ದುದು ನಿಜ. ಆದರೆ ಹಲ್ಲುಪುಡಿಯ ಹೊಗೆಗೆ ಕೆಮ್ಮಿದೆನೆಂದೇ ತಿಳಿದಿದ್ದೆ. ಡಾಕ್ಟರು ನಮ್ಮನ್ನು ನಂಬಿ, ಪಕ್ಕದ ದವಡೆಹಲ್ಲಿನ ಮೊನೆ ತಾಗಿ ಕಲೆಯಾಗಿರಬೇಕೆಂದು ಅದನ್ನು ಉಜ್ಜಿ ಕಳಿಸಿದರು. ತಿಂಗಳೆರಡಾದರೂ ಕಲೆ ಹೋಗಲಿಲ್ಲ, ಅಗಲವಾಯಿತು. ಇನ್ನು ಮೂರು ತಿಂಗಳು ನೋಡಿ, ಹೋಗದಿದ್ದರೆ ಕೊಯ್ದು ಪರೀಕ್ಷೆಗೆ ಕಳಿಸೋಣ ಎಂದು ಅವರು ಚೀಟಿ ಬರೆದಾಗ, ಯಾವ ಪರೀಕ್ಷೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಆ ವಾರವೇ ನಮ್ಮ ಓಣಿಯ ದವಾಖಾನೆಯ ಶಶಿಕಲಾ ಸಿಸ್ಟರ್ ಮನೆಗೆ ಬಂದರು. ಸೊಲ್ಲಾಪುರದವರು, ಕನ್ನಡ ಬಲ್ಲವರು. ಚಿಗವ್ವ ಕಲೆಯ ಕಥೆಯನ್ನು ಹೇಳಿಕೊಂಡಳು. ಸಿಸ್ಟರ್ ತಂಬಾಕಿನ ಹೆಸರನ್ನೇ ಎತ್ತಲಿಲ್ಲ.

"ಅವ್ವಾರ, ದಿನಕ್ಕ ಹಲ್ಲು ಎಷ್ಟು ಸಲ ತಿಕ್ಕತೀರಿ?"

"ಎಂಟು ಸಲ ಆಗತೈತಿ ನೋಡವಾ. ಇಲ್ಲಿ ನಿಂತಾನಲ್ಲ, ಈ ತಮ್ಮನಂಗ ಒಮ್ಮೆ ತಿಕ್ಕಿ ಬಿಡೂ ಹೊಲಸ ಮಂದಿ ಅಲ್ಲ ನಾವು."

"ಎದರಲೇ ತಿಕ್ಕತೀರಿ?"

"ಮತ್ತ್ಯಾತರಲೇ? ಮಿಶ್ರಿಲೇ."

ಡಾಕ್ಟರಿಗೂ ನನಗೂ ಸಿಗದ ಸತ್ಯ ಮೂರು ಮಾತಿನಲ್ಲಿ ಹೊರಬಿತ್ತು. ಆ ಪ್ರಶ್ನೆಯ ಜಾಣ್ಮೆಗೆ ನಾನು ಇಂದಿಗೂ ತಲೆಬಾಗುತ್ತೇನೆ. ಆದರೆ ಅಂದು ತಲೆಬಾಗುವ ಬದಲು ಉಪದೇಶಕ್ಕಿಳಿದೆ. ಉಪದೇಶಕ್ಕೂ ಉಪದ್ರವಕ್ಕೂ ಅಕ್ಷರದಲ್ಲಿ ಹೆಚ್ಚು ಅಂತರವಿಲ್ಲ. ಪತ್ರಿಕೆಯಿಂದ ರೋಗಗ್ರಸ್ತ ಬಾಯಿಗಳ ಚಿತ್ರಗಳನ್ನು ಕತ್ತರಿಸಿ ಅಡಿಗೆಮನೆಯ ಗೋಡೆಗೆ ಅಂಟಿಸಿದೆ. ಚಿಗವ್ವ ಅದರಲ್ಲೊಂದನ್ನು ಕಿತ್ತು ಸುರುಳಿ ಸುತ್ತಿ, ಮಿಶ್ರಿಯನ್ನು ಡಬ್ಬಿಗೆ ಸುರಿಯುವ ಕೊಳವೆ ಮಾಡಿಕೊಂಡಳು. ಧ್ವನಿ ಏರಿಸಿದಾಗ, "ಮೊದಲ ನಿನ್ನ ಮೂಗ ಒರಸ್ಕೋ ತಮ್ಮಾ" ಎಂದಳು. ಆ ಕಾಲಕ್ಕೆ ನಾನು ನಶ್ಯ ಏರಿಸುತ್ತಿದ್ದೆ. ಅದೂ ತಂಬಾಕೇ ಎಂಬುದು ನನಗೆ ಹೊಳೆದಿರಲಿಲ್ಲ.

ಸಿಸ್ಟರ್ ಮಾಡಿದ್ದೇನು? ಕೆಲಸ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ, ಎಲೆ ಬಿಡಿಸಿ ಸೋಸಬೇಕಾದ ಮೆಂತ್ಯಸೊಪ್ಪಿನ ಸೂಡನ್ನು ಹಿಡಿದುಕೊಂಡು ನಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕೂತರು. ಸೋಸುತ್ತ, ಯಾವ ಮಿಶ್ರಿ ಯಾಕೆ ಎಂದು ವಿಚಾರಿಸಿದರು. ಬೆಳಗಿನದು ಹೊಟ್ಟೆ ಸಾಫಾಗಲು. ಉಂಡ ಮೇಲಿನದು ರೂಢಿಗೆ. ನಳದ ನೀರು ತಡವಾದಾಗಿನದು ಸಿಟ್ಟಿಗೆ. ನಾಲ್ಕು ಗಂಟೆಯದು ಮಾತ್ರ ಪಕ್ಕದ ಮನೆಯ ಹೆಂಗಸರೊಡನೆ, ಒಂದೇ ಡಬ್ಬಿಯಿಂದ. ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಚಿಗವ್ವನನ್ನು ಯಾರೂ ಏನೂ ಕೇಳದ ಅರ್ಧ ಗಂಟೆ ಅದೊಂದೇ ಎಂಬುದು, ಅದೇ ಸೂರಿನಡಿ ವರ್ಷಗಟ್ಟಲೆ ಚಹಾ ಕುಡಿದ ನನಗೆ ಆಗ ತಿಳಿಯಿತು.

ಬಿಡಬೇಕೆಂದು ಸಿಸ್ಟರ್ ಅಪ್ಪಣೆ ಮಾಡಲಿಲ್ಲ. ಎಂಟರಲ್ಲಿ ಯಾವುದನ್ನು ಬಿಟ್ಟರೆ ಕಡಿಮೆ ತ್ರಾಸ, ಅದನ್ನು ನೀವೇ ಹೇಳಿರೆಂದರು. ಚಿಗವ್ವ ಮಂಡಈ ಮಾರುಕಟ್ಟೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡುವ ಗತ್ತಿನಲ್ಲಿ ಮೊದಲು ಒಂದು, ವಾರದ ಮೇಲೆ ಇನ್ನೊಂದು ಬಿಟ್ಟುಕೊಟ್ಟಳು. ಬೆಳಗಿನದಕ್ಕೆ ಬದಲು ಬಿಸಿನೀರು ಬಂತು. ಮೊದಲ ಹದಿನೈದು ದಿನ ಆಕೆಯ ತಲೆನೋವಿನ ಪ್ರಸಾದ ಮನೆಮಂದಿಗೆಲ್ಲ ಸಿಕ್ಕಿತು. ನಾಲ್ಕು ಗಂಟೆಯ ಕೂಟವನ್ನು ಸಿಸ್ಟರ್ ಮುಟ್ಟಲಿಲ್ಲ. ಡಬ್ಬಿಯೊಳಗೆ ಮಾತ್ರ ಮಿಶ್ರಿಯ ಬದಲು ಹುರಿದ ಬಡೇಸೋಪು, ಅಂದರೆ ಸೋಂಪಿನ ಕಾಳು, ಸೇರಿತು. ಪಕ್ಕದ ಮನೆಯವರು ಮೂಗು ಮುರಿದರೂ ಮುಷ್ಟಿ ಮುಷ್ಟಿ ತಿಂದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ಎಂಟೂ ನಿಂತವು.

ಎರಡೂವರೆ ತಿಂಗಳಿಗೆ ಚಿಗವ್ವ ಸಾಸವಡದ ಮದುವೆಯೊಂದಕ್ಕೆ ಹೋಗಿಬಂದಳು. ಬಂದವಳು ಅನ್ನ ಬಿಟ್ಟು ಮೂಲೆ ಹಿಡಿದಳು. ಬೀಗರ ಮನೆಯವರು ಮಿಶ್ರಿಯ ಡಬ್ಬಿ ಮುಂದೆ ಹಿಡಿದಾಗ ಒಲ್ಲೆನ್ನಲಾಗಲಿಲ್ಲವಂತೆ; ಒಂದಲ್ಲ, ಮೂರು ಸಲ. ನನ್ನ ನಾಲಿಗೆಯ ತುದಿಗೆ ಸಂಸ್ಕೃತ ಸುಭಾಷಿತವೊಂದು ಬಂದೇಬಿಟ್ಟಿತ್ತು. ಅಷ್ಟರಲ್ಲಿ ಸಿಸ್ಟರ್ ಬಂದರು. ಚಿಗವ್ವ ತಲೆ ಎತ್ತದೆ ಹೇಳಿದಳು:

"ನಿನಗ ಕೊಟ್ಟ ಮಾತ ಮುರದೆ ನೋಡವಾ. ಇನ್ನ ಕೊಯ್ಯಲಿ ಬಿಡು."

"ಮಾತು ನನಗೆಲ್ಲಿ ಕೊಟ್ಟಿದ್ರಿ? ಎಲ್ಲಿ ಜಾರತದ ಅನ್ನೂದು ಇವತ್ತ ಗೊತ್ತಾತು, ಛಲೋ ಆತು. ಮುಂದಿನ ಲಗ್ನಕ್ಕ ಹೋಗೂ ಮುಂದ ಬಡೇಸೋಪಿನ ಡಬ್ಬಿ ಸೊಂಟಕ್ಕ ಸಿಗಸ್ಕೊಂಡು ಹೋಗ್ರಿ. ಈಗ ಏಳ್ರಿ, ಊಟ ಮಾಡ್ರಿ."

ಚಿಗವ್ವ ಎದ್ದಳು. ನಾನು ಸುಭಾಷಿತವನ್ನು ನುಂಗಿಕೊಂಡೆ. ಅದು ಈವರೆಗೂ ಜೀರ್ಣವಾಗಿಲ್ಲ. ಮನುಷ್ಯರನ್ನು ತಿದ್ದುವ ಕೆಲಸದಲ್ಲಿ ಎಷ್ಟು ಭಾಗ ಸುಮ್ಮನೆ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುವುದೇ ಆಗಿದೆ ಎಂಬುದನ್ನು, ಮೆಂತ್ಯ ಸೋಸುವ ಆ ಕೈಗಳನ್ನು ನೋಡಿ ಕಲಿತೆ.

ಮೂರು ತಿಂಗಳು ತುಂಬಿದ ದಿನ ಡಾಕ್ಟರು ಚಿಗವ್ವನ ಎರಡೂ ಕೆನ್ನೆಗಳಿಗೆ ಕನ್ನಡಿ ಹಿಡಿದು ನೋಡಿದರು. ಕಲೆ ಇರಲಿಲ್ಲ. ಮತ್ತೆ ಆರು ತಿಂಗಳಿಗೆ ಬನ್ನಿ ಎಂದು ಬರೆದುಕೊಟ್ಟರು.