ಎಂಟು ತುದಿಗಳ ಕೆಂಪು ರೇಷ್ಮೆ

ಪುಟ್ಟಮಾದಪ್ಪನವರ ಡಬಲ್ ಬಾಸಿಗೆ ನಾಲ್ಕನೆಯ ತಂತಿ ಇಲ್ಲ. ಹನ್ನೊಂದು ವರ್ಷದಿಂದ ಇಲ್ಲ.

ಕೊಳ್ಳೇಗಾಲದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಸಂದಿಯ ಕೊನೆಯ ಹೆಂಚಿನ ಮನೆಯಲ್ಲಿ ಅವರು ಗೋಡೆಗೆ ಒರಗಿಸಿದ ವಾದ್ಯದ ಮೇಲಿನ ಹಳೆಯ ಜಮಖಾನ ತೆಗೆಯುತ್ತಾರೆ. ಆಕಾರ ಪಿಟೀಲಿನದೇ, ಎತ್ತರ ಮಾತ್ರ ಅವರಿಗಿಂತ ಒಂದು ಗೇಣು ಹೆಚ್ಚು. ನಿಂತೇ ನುಡಿಸಬೇಕು. ಮೂರು ತಂತಿಗಳನ್ನು ಒಂದೊಂದಾಗಿ ಮೀಟಿ ಬಿರಡೆ ತಿರುವುತ್ತಾರೆ. ಅಭ್ಯಾಸಬಲದಿಂದ ಬೆರಳು ನಾಲ್ಕನೆಯದರ ಜಾಗಕ್ಕೂ ಹೋಗುತ್ತದೆ, ಬರಿಯ ಮರದ ಮೇಲೆ ಕೂರುತ್ತದೆ.

"ಕೈಗೆ ಇನ್ನೂ ಗ್ಯಾನ ಬಂದಿಲ್ಲ ನೋಡಿ ಸಾ. ಇಷ್ಟು ವರ್ಷ ಆದ್ರೂ ಉಡುಕ್ತದ" ಎಂದು, ಅವರ ಕಥೆ ಕೇಳಲು ಬಂದ ನನಗೆ ಹೇಳಿ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾರೆ.

ಇವತ್ತು ಚಾಪೆಯ ಮೇಲೆ ಆರು ತಂತಿಗಳ ಸುರುಳಿ ಬಿದ್ದಿದೆ. ಭಾನುವಾರ ಯಳಂದೂರಿನಲ್ಲಿ ಅವರ ಹಳೆಯ ವಾದ್ಯಗೋಷ್ಠಿ ಕೊನೆಯ ಸಲ ಸೇರುತ್ತದೆ. ಅಷ್ಟರೊಳಗೆ ಯಾವ ತಂತಿ ಕಟ್ಟಬೇಕು, ಯಾವುದನ್ನು ಬಿಚ್ಚಬೇಕು ಎಂಬುದು ತೀರ್ಮಾನವಾಗಬೇಕು. ಕಟ್ಟುವುದು ಅವರಿಗೆ ಕಷ್ಟವಲ್ಲ. ಬಿಚ್ಚುವುದು ಕಷ್ಟ.

ಐವತ್ತೆಂಟರ ಪುಟ್ಟಮಾದಪ್ಪ ರೇಷ್ಮೆ ಹುರಿ ಮಾಡುವ ಫ್ಯಾಕ್ಟರಿಯ ಕೆಲಸಗಾರ. ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಮಷೀನಿನ ಮುಂದೆ ನಿಂತು, ಕಡಿದ ಎಳೆಗಳನ್ನು ಹುಡುಕಿ ಗಂಟು ಹಾಕುವುದು ಕೆಲಸ. ಮಷೀನಿನ ಸದ್ದಿಗೆ ಎಡಗಿವಿ ಮಂದವಾಗಿದೆ. ಸಣ್ಣ ಸದ್ದು ಕೇಳಿಸುವುದಿಲ್ಲ. ದಪ್ಪ ಸದ್ದು ಮಾತ್ರ ಎದೆಯಲ್ಲಿ ಕೇಳಿಸುತ್ತದೆ ಎನ್ನುತ್ತಾರೆ.

ವಾದ್ಯ ಈ ಊರಿಗೆ ಬಂದದ್ದು ಎಂಬತ್ತಾರರಲ್ಲಿ. ಹಾರ್ಮೋನಿಯಂ ನುಡಿಸುವ ಮಹದೇವಪ್ರಸಾದ್ ಒಂದು ವಾದ್ಯಗೋಷ್ಠಿ ಕಟ್ಟಿದ್ದರು. ಮೈಸೂರಿನಲ್ಲಿ ಮುಚ್ಚಿಹೋದ ಬ್ಯಾಂಡೊಂದರಿಂದ ಡ್ರಮ್ ತರಲು ಹೋದವರಿಗೆ ಅಲ್ಲಿಯವರು ಇದನ್ನೂ ಗಂಟು ಹಾಕಿ ಕಳಿಸಿದರು. ತಂಡದಲ್ಲಿ ಯಾರೂ ಮುಟ್ಟಲಿಲ್ಲ. ಎತ್ತರದ ಆಳು ಬೇಕೆಂದು ಪುಟ್ಟಮಾದಪ್ಪನವರನ್ನು ಕರೆದರು. ಹಾಡಿನ ತಳದಲ್ಲಿ ಕೇಳಿಯೂ ಕೇಳಿಸದಂತೆ ಇರುವ ದನಿ ಇದರದು. ಇದ್ದಾಗ ಯಾರೂ ಗಮನಿಸುವುದಿಲ್ಲ. ನಿಂತಾಗ ಹಾಡು ಪೊಳ್ಳಾಗುತ್ತದೆ.

ಬಸ್ಸಿನ ಟಾಪಿನ ಮೇಲೆ ಏರಿಸುವಾಗ ಜನ "ಯಾರ್ಲಾ ಸತ್ತೋರು?" ಎಂದು ಕೇಳುತ್ತಿದ್ದರು. ರಾಮಾಪುರದ ದಾರಿಯ ಚೆಕ್‌ಪೋಸ್ಟಿನಲ್ಲಿ ಒಮ್ಮೆ ಪೇದೆಯೊಬ್ಬ ಲಾಠಿಯಿಂದ ಹೊಟ್ಟೆಗೆ ತಟ್ಟಿ, "ಒಳಗೇನಯ್ಯಾ ತುಂಬಿದ್ದೀಯ?" ಎಂದ.

"ಗಾಳಿ ಸಾ."

"ಗಾಳಿ ಸಾಗಿಸೋಕೆ ಇಷ್ಟು ದೊಡ್ಡ ಪೆಟ್ಟಿಗೇನಾ? ನುಡಿಸು ನೋಡೋಣ."

ರಸ್ತೆಯ ಮೇಲೇ ನಿಲ್ಲಿಸಿ, ಎಲ್ಲಕ್ಕಿಂತ ದಪ್ಪ ದನಿಯ ನಾಲ್ಕನೆಯ ತಂತಿಯನ್ನು ಕಮಾನಿನಿಂದ ಎಳೆದರು. ಪೇದೆ ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡು, "ಇನ್ನೊಂದ್ಸಲ" ಎಂದನಂತೆ. ಈಗ ಆ ಕಥೆ ಹೇಳುವಾಗಲೂ ಪುಟ್ಟಮಾದಪ್ಪನವರ ಕೈ ಎದೆಗೇ ಹೋಗುತ್ತದೆ.

ಹಳೆಯ ತಂತಿಗಳು ಕುರಿಯ ಕರುಳಿನವು. ಮೇಲೆ ತೆಳುವಾದ ಲೋಹದ ಸುತ್ತು, ಎರಡೂ ತುದಿಗಳಲ್ಲಿ ಬಣ್ಣದ ರೇಷ್ಮೆ. ಅದು ಗೊತ್ತಾದ ದಿನ ಹೆಂಡತಿ ಶಿವರತ್ನಮ್ಮ ರಂಪ ಮಾಡಿದರು. "ಲಿಂಗ ಕಟ್ಟಿರೋ ಮನೇಲಿ ಕುರಿ ಕರುಳಾ? ಅದ ಮುಟ್ಟಿ ಬಂದು ನನ್ನ ಅಡ್ಗೆ ಒಲೆ ಮುಟ್ಬ್ಯಾಡಿ."

"ನೀನು ದಿನಾ ಉಳ ಬೇಯ್ಸಿ ನೂಲು ತೆಗೀತೀಯಲ್ಲ, ಅದು?" ಎಂದು ಇವರು ಕೆಣಕಿದರು. ಶಿವರತ್ನಮ್ಮ ಗೂಡು ಬೇಯಿಸಿ ನೂಲು ಬಿಚ್ಚುವ ಚರಕದಲ್ಲಿ ಕೆಲಸಕ್ಕಿದ್ದರು.

"ರೇಷ್ಮೆ ಮಡಿ ಕನ್ರಿ. ಅದಕ್ಯಾವ ಮೈಲಿಗೆ?"

ವಾರ ಕಳೆದು ಒಂದು ಮಧ್ಯಾಹ್ನ ಆಕೆಯೇ ಉಪಾಯ ಹುಡುಕಿದರು. ನಾಲ್ಕೂ ತಂತಿ ಬಿಚ್ಚಿಸಿ, ಯಾರ ಕೈಯ ಮೈಲಿಗೆಯೋ ಎಂದು ಹಳೆಯ ಬಣ್ಣದ ನೂಲನ್ನೆಲ್ಲ ಕಿತ್ತು ಒಲೆಗೆ ಹಾಕಿದರು. ಸೀರೆ ಅಂಚಿಗೆ ಹಾಕುವ ಕೆಂಪು ರೇಷ್ಮೆಯನ್ನು ಎಂಟೂ ತುದಿಗೆ ಎಳೆಯ ಪಕ್ಕ ಎಳೆ ಕೂರಿಸಿ ಸುತ್ತಿದರು. ಇನ್ನು ಇದು ಮಡಿಯಾಯಿತು, ಒಳಗೆ ಇರಲಿ ಎಂದರು. ಆವತ್ತಿನಿಂದ ವಾದ್ಯ ದೇವರ ಗೂಡಿನ ಎದುರಿನ ಗೋಡೆಗೇ ನಿಂತಿದೆ.

ಸುತ್ತಿದ್ದು ಚೆನ್ನಾಗಿತ್ತು. ತಪ್ಪೂ ಅದೇ ಆಗಿತ್ತು. ತಂತಿಯ ಬುಡದ ಬಣ್ಣ ಯಾರು ಮಾಡಿದ್ದೆಂದು ಹೇಳುತ್ತದೆ. ಬಿರಡೆಯ ಕಡೆಯ ಬಣ್ಣ ಯಾವ ಸ್ವರದ್ದೆಂದು ಹೇಳುತ್ತದೆ. ಆ ಎರಡು ಗುರುತೂ ಒಲೆ ಸೇರಿದ್ದವು. ತೊಂಬತ್ತಮೂರರಲ್ಲಿ ಹನೂರಿನ ಮದುವೆಯೊಂದರಲ್ಲಿ ನಾಲ್ಕನೆಯ ತಂತಿ ಹರಿದು ಅವರ ಗದ್ದಕ್ಕೆ ಹೊಡೆಯಿತು. ತುಂಡನ್ನು ಹಿಡಿದು ಮೈಸೂರಿನ ಅಂಗಡಿಗೆ ಹೋದರೆ, ಅಂಗಡಿಯವರು ಕೆಂಪು ತುದಿ ತಿರುಗಿಸಿ ನೋಡಿ, "ಇಂಥ ಕಂಪನಿ ಕಂಡಿಲ್ಲವಲ್ಲ" ಎಂದರು. ಅಂದಾಜಿನ ಮೇಲೆ ತರಿಸಿಕೊಟ್ಟದ್ದು ಇದಕ್ಕಿಂತ ಚಿಕ್ಕ ವಾದ್ಯದ ತಂತಿ. ತಂತಿಗಳನ್ನು ಎತ್ತಿ ಹಿಡಿಯುವ ಮರದ ಕುದುರೆಯ ಮೇಲೆ ಹಾಯಿಸಿ ಎಳೆದರೆ ಬಿರಡೆಗೆ ಒಂದು ಮೊಳ ಸಾಲದು. ಅದು ಇವತ್ತಿಗೂ ಹಿತ್ತಲಲ್ಲಿ ಬಟ್ಟೆ ಒಣಗಿಸಲು ಕಟ್ಟಿದೆ.

ಆಮೇಲೆ ಅವರು ತಂತಿ ಗುರುತಿಸುವುದನ್ನು ಕಲಿತರು. ಕಲಿಸುವವರು ಯಾರೂ ಇರಲಿಲ್ಲ. ಸೈಕಲ್ ಡೈನಮೋದ ಅಯಸ್ಕಾಂತ ತಾಗಿಸುತ್ತಾರೆ, ಹಿಡಿದರೆ ಒಳಗೆ ಉಕ್ಕು, ಬಿಟ್ಟರೆ ಕರುಳು. ಉಗುರಿನಿಂದ ಗೀರಿ ಮೇಲಿನ ಸುತ್ತು ಚಪ್ಪಟೆಯೋ ದುಂಡೋ ತಿಳಿಯುತ್ತಾರೆ. ಎಷ್ಟೋ ಸಲ ತಪ್ಪಿದ್ದಾರೆ. ಮಾರ್ಟಳ್ಳಿಯ ಕಡೆಯಿಂದ ಯಾರೋ ತಂದ ತಂತಿಯನ್ನು ನಂಬಿ ಕಟ್ಟಿ, ಅದು ಲಾರಿಯ ಬ್ರೇಕ್ ಕೇಬಲ್ ಎಂದು ಮೂರನೆಯ ದಿನ ತಿಳಿದದ್ದನ್ನು ಅವರೇ ನಗುತ್ತಾ ಹೇಳುತ್ತಾರೆ.

ಶಿವರತ್ನಮ್ಮ ತೊಂಬತ್ತೆಂಟರಲ್ಲಿ ಕಾಮಾಲೆಯಿಂದ ತೀರಿಕೊಂಡರು. "ನನ್ನಿಂದ್ಲೇ ನಿಮ್ ತಂತಿ ಸಿಕ್ನಿಲ್ಲ ಅಂತ ಕೊನೇಗಂಟ ಯೋಳ್ತಿದ್ಲು. ಬುಡು ಮಾರಾಯ್ತಿ, ಮೂರರಲ್ಲೇ ನುಡುಸ್ತೀನಿ ಅಂದೆ. ಸುಳ್ಳು ಸಾ. ಆ ದನಿ ಇಲ್ದೆ ನಂಗೆ ಉಂಡಂಗೇ ಆಗ್ತಿರ್ನಿಲ್ಲ."

ಅಷ್ಟರಲ್ಲಿ ಕೀಬೋರ್ಡ್ ಬಂದಿತ್ತು. ಎಡಗೈಯ ಒಂದು ಬೆರಳಿನಲ್ಲಿ ಬಾಸ್ ಒತ್ತಿದರೆ ಸಾಕು. ಪುಟ್ಟಮಾದಪ್ಪನವರನ್ನು ಕರೆಯುವುದು ನಿಂತಿತು. ಈ ವರ್ಷ, ಎರಡು ಸಾವಿರದ ನಾಲ್ಕರಲ್ಲಿ, ಮಹದೇವಪ್ರಸಾದ್ ತಂಡವನ್ನೇ ಮುಚ್ಚಲು ತೀರ್ಮಾನಿಸಿ, ಕೊನೆಯ ಕಾರ್ಯಕ್ರಮಕ್ಕೆ ಹಳಬರನ್ನೆಲ್ಲ ಕರೆದಿದ್ದಾರೆ. ಚೆನ್ನೈಯ ಸ್ಟುಡಿಯೊದಲ್ಲಿ ಬಾಸ್ ನುಡಿಸಿ ಬಿಟ್ಟವರೊಬ್ಬರಿಂದ ಈ ಆರು ತಂತಿಗಳನ್ನು ತರಿಸಿಕೊಟ್ಟವರೂ ಅವರೇ.

ಪುಟ್ಟಮಾದಪ್ಪ ಬುಡ ನೋಡುತ್ತಾರೆ. ಎರಡಕ್ಕೆ ನೀಲಿ ರೇಷ್ಮೆ, ನಾಲ್ಕಕ್ಕೆ ಹಸಿರು. ನೀಲಿಯವನ್ನು ಪಕ್ಕಕ್ಕಿಡುತ್ತಾರೆ. ಹಸಿರಿನವು ಒಂದೇ ಕಂಪನಿಯವು, ಇನ್ನೊಂದು ತುದಿಯಲ್ಲಿ ಒಂದೊಂದಕ್ಕೆ ಒಂದೊಂದು ಬಣ್ಣ. ಅಯಸ್ಕಾಂತ ನಾಲ್ಕನ್ನೂ ಹಿಡಿಯುತ್ತದೆ, ಉಕ್ಕು. ದಪ್ಪನೆಯದನ್ನು ಮಾತ್ರ ಎತ್ತಿ, ಹೆಂಡತಿ ಸುತ್ತಿದ ಮೂರರ ಪಕ್ಕದಲ್ಲಿ ಕಟ್ಟಿ ನುಡಿಸುತ್ತಾರೆ. ಮೂರು ಮಾತಾಡುತ್ತವೆ, ನಾಲ್ಕನೆಯದು ಅರಚುತ್ತದೆ.

ಬಾಗಿಲಲ್ಲಿ ನಿಂತು ಕೇಳುತ್ತಿರುವ ಮಹದೇವಪ್ರಸಾದ್, "ಇದು ಒಂದು ವಾದ್ಯ ಅಲ್ಲ ಕನಣ್ಣ, ಎರಡು. ನಾಲ್ಕೂ ಹೊಸದ ಆಕು" ಎನ್ನುತ್ತಾರೆ.

"ಮೂರರಲ್ಲೇ ಬಂದ್ರೆ?"

"ಬಾ. ಬಾಸ್ ಕೀಬೋರ್ಡಲ್ಲಿ ಒತ್ತುಸ್ತೀನಿ. ನೀನು ಫೋಟೊಗೆ ನಿಂತ್ಕೊ."

"ನಿನ್ ಬಾಯ್ಗೆ ಬೂದಿ ಬೀಳ!" ಎಂದು ಪುಟ್ಟಮಾದಪ್ಪ ನಗುತ್ತಾರೆ. ನಗು ಬೇಗ ನಿಲ್ಲುತ್ತದೆ. ಶನಿವಾರ ಬೆಳಗ್ಗೆ ಕೂತು ಮೂರನ್ನೂ ಬಿಚ್ಚುತ್ತಾರೆ. ಸುರುಳಿ ಮಾಡಿ ಗೋಡೆಯ ಮೊಳೆಗೆ ನೇತುಹಾಕುತ್ತಾರೆ.

ಅವ್ವನಂತೆಯೇ ಚರಕಕ್ಕೆ ಹೋಗುವ ಮಗಳು ಪುಷ್ಪ ಒಂದು ಉಂಡೆ ಕೆಂಪು ರೇಷ್ಮೆ ತರುತ್ತಾಳೆ. "ಅಪ್ಪಾ, ಒಸವುಕ್ಕೂ ಅವ್ವನಂಗೆ ಸುತ್ತಿಕೊಡ್ಲಾ? ನಂಗೂ ಬತ್ತದ."

"ಬ್ಯಾಡ ಕನವ್ವ. ಅಸ್ರು ಅಂಗೇ ಇರ್ಲಿ. ಮುಂದ್ಲೋನು ಬಂದ್ರ ಅವನಿಗೆ ಗುರ್ತು ಸಿಕ್ಬೇಕು."

"ಯಾರಪ್ಪಾ ಬತ್ತಾರ?"

ಅವರು ಬಿರಡೆ ಬಿಗಿ ಮಾಡುತ್ತಾರೆ.

ಯಳಂದೂರಿನ ಶಾಲೆಯ ಮೈದಾನದಲ್ಲಿ ಭಾನುವಾರ ಸಂಜೆ ಜನ ಅರ್ಧಕ್ಕರ್ಧ. ಮೂರನೆಯ ಹಾಡಿನಲ್ಲಿ ಅವರು ದಪ್ಪ ತಂತಿಯನ್ನು ಕಮಾನಿನಿಂದ ಎಳೆಯುತ್ತಾರೆ. ಯಾರೂ ತಿರುಗಿ ನೋಡುವುದಿಲ್ಲ. ಮುಂದಿನ ಸಾಲಿನ ಒಂದು ಕೂಸು ಮಾತ್ರ ಅಳು ನಿಲ್ಲಿಸಿ ತನ್ನ ಹೊಟ್ಟೆ ನೋಡಿಕೊಳ್ಳುತ್ತದೆ. ಪುಟ್ಟಮಾದಪ್ಪ ಕಣ್ಣು ಮುಚ್ಚಿದ್ದಾರೆ. ಮಹದೇವಪ್ರಸಾದ್ ಹಾರ್ಮೋನಿಯಂನಿಂದ ತಲೆ ಎತ್ತಿ ಒಮ್ಮೆ ನೋಡಿ, ಮತ್ತೆ ತಲೆ ತಗ್ಗಿಸುತ್ತಾರೆ.

"ಬಂತು ಸಾ. ಅದೇ ದನಿ ಅಲ್ಲ, ಅದರ ತಮ್ಮ ಅನ್ನಿ. ಆದ್ರೂ ಎದೇಲಿ ಬಂತು. ಅವ್ಳಿಗೆ ಒಂದ್ಸಲ ಕೇಳುಸ್ಬೇಕಿತ್ತು, ಅಷ್ಟೆ" ಎನ್ನುತ್ತಾರೆ, ಇಳಿದು ಬಂದು.

ಅಪ್ಪ ಮಗಳು ನೆಂಟರ ಮನೆಯಲ್ಲಿದ್ದು ಮಂಗಳವಾರ ಬೆಳಗ್ಗೆ ಕೊಳ್ಳೇಗಾಲಕ್ಕೆ ಮರಳುತ್ತಾರೆ. ಬೀಗ ತೆಗೆದರೆ ಮೊಳೆಯ ಕೆಳಗೆ ಕೆಂಪು ಚೂರುಗಳು. ಲೋಹ ಸುತ್ತಿದ ನಡುಭಾಗವನ್ನು ಇಲಿ ಬಿಟ್ಟಿದೆ. ರೇಷ್ಮೆಯ ಅಡಿಯ ಬರಿ ಕರುಳನ್ನು ತಿನ್ನಲು ತುದಿಗಳನ್ನು ಕಡಿದಿದೆ. ಪುಷ್ಪ ಪೊರಕೆ ಹಿಡಿದು ನಿಲ್ಲುತ್ತಾಳೆ. ಪುಟ್ಟಮಾದಪ್ಪ, "ಗುಡ್ಸವ್ವ, ಫ್ಯಾಕ್ಟ್ರಿಗೆ ಒತ್ತಾಯ್ತು" ಎನ್ನುತ್ತಾರೆ.

ಹಸಿರು ತುದಿಯ ನಾಲ್ಕು ತಂತಿಗಳು ಈಗ ವಾದ್ಯದ ಮೇಲಿವೆ. ಹೋದದ್ದು, ಹನೂರಿನಲ್ಲಿ ಹರಿದದ್ದೂ ಸೇರಿ, ನಾಲ್ಕು ತಂತಿ, ಎಂಟು ತುದಿಗಳ ಕೆಂಪು ರೇಷ್ಮೆ, ಸುತ್ತಿದ ಒಬ್ಬರು.