ಸಾಂಬ್ರಾಣಿಗೆ ಕೂಗದ ಅಲಾರಂ

ಅರಸೀಕೆರೆಯ ಆ ಕೊಬ್ಬರಿ ಮಂಡಿಗೆ ಬೆಂಕಿ ಅಲಾರಂ ಹಾಕಿದವನು ನಾನೇ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಗಳಾಗಿದ್ದವು. ಹಳೆಯ ಕಾಲದ ಕಲ್ಲುಗೋಡೆ, ಒಂದು ಮೊಳೆ ಹೊಡೆದರೆ ಹಿಡಿ ಗಾರೆ ಉದುರುತ್ತಿತ್ತು. ಗೋಡೆ ಕೊರೆಯಕೂಡದು ಎಂದು ಸಾಹುಕಾರರು ಹಟ ಹಿಡಿದರು. ಹಾಗಾದರೆ ವೈರ್ ಇಲ್ಲದ್ದೇ ಹಾಕೋಣ ಎಂದೆ. ಕೆಳಗಿನ ಕೋಣೆಗಳ ಸೂರಿಗೆ ಐದು ಬಿಳಿ ಬಟ್ಟಲು, ಬಾಗಿಲ ಬಳಿ ಒಂದು ಪೆಟ್ಟಿಗೆ. ಬಟ್ಟಲಿಗೆ ಹೊಗೆ ತಾಕಿದರೆ ಪೆಟ್ಟಿಗೆಗೆ ಸುದ್ದಿ ಹೋಗಿ ಸೈರನ್ ಕೂಗಬೇಕು. ಅಟ್ಟದಲ್ಲಿ ಧೂಳು ವಿಪರೀತವೆಂದು ಅಲ್ಲಿ ಹಾಕಲಿಲ್ಲ. ಅರ್ಧ ದಿನದಲ್ಲಿ ಕೆಲಸ ಮುಗಿಸಿ ಮೀಸೆ ತಿರುವಿಕೊಂಡು ಬಂದೆ.

ಆಮೇಲೆ ಶುರುವಾಯಿತು ನೋಡಿ ನನ್ನ ಗ್ರಹಚಾರ. ಚೀಲಗಳನ್ನು ಸೂರು ಮುಟ್ಟುವಂತೆ ಪೇರಿಸಿದ ದಿನ ಹಿಂದಿನ ಕೋಣೆಯ ಸುದ್ದಿ ಪೆಟ್ಟಿಗೆಗೆ ತಲುಪುತ್ತಿರಲಿಲ್ಲ. ಚೀಲ ಲಾರಿ ಹತ್ತಿದರೆ ತಲುಪುತ್ತಿತ್ತು. ಧೂಳು ಕೂತ ಬಟ್ಟಲು ಸುಮ್ಮಸುಮ್ಮನೆ ಸೈರನ್ ಕೂಗಿಸುತ್ತಿತ್ತು. ಐದು ಬಟ್ಟಲಿನ ಬ್ಯಾಟರಿಗಳು ಐದು ಕಾಲಕ್ಕೆ ಮುಗಿಯುತ್ತಿದ್ದವು, ಏಣಿ ಹತ್ತಿ ಇಳಿದು ನನಗೆ ಸಾಕುಸಾಕಾಗಿತ್ತು. ಎಲ್ಲಕ್ಕಿಂತ ದೊಡ್ಡ ಕಾಟ ಶುಕ್ರವಾರದ್ದು. ಪೂಜೆಯಾದ ಮೇಲೆ ಸಾಹುಕಾರರು ಕೆಂಡಕ್ಕೆ ಸಾಂಬ್ರಾಣಿ ಹಾಕಿ ಮೂಲೆಮೂಲೆಗೂ ಹೊಗೆ ತೋರಿಸುವರು. ಸೈರನ್ ಬಾಯಿ ಬಡಿದುಕೊಳ್ಳುವುದು. ಅಟ್ಟದಲ್ಲಿ ಕೊಬ್ಬರಿ ಆರಿಸುವ ಹೆಂಗಸರು ದಡದಡ ಇಳಿದು ಬೀದಿಗೆ ಓಡುವರು.

"ಏನಯ್ಯಾ ಇದು, ಲಕ್ಷ್ಮಿಗೆ ಧೂಪ ಹಾಕೋಕೂ ಇದರ ಪರ್ಮಿಷನ್ ತಗೋಬೇಕಾ? ಕಿತ್ಕೊಂಡು ಹೋಗು ಅತ್ಲಾಗೆ!" ಎಂದು ಸಾಹುಕಾರರು ರೇಗಿದರು.

ಕಿತ್ತುಕೊಂಡೇ ಬರಬೇಕಿತ್ತು. ಆದರೆ ಊರೆಲ್ಲ ನಕ್ಕೀತೆಂಬ ಅಂಜಿಕೆ ನನಗೆ. ಬಟ್ಟಲುಗಳ ಜೊತೆ ಬಂದಿದ್ದ ಪ್ಲಾಸ್ಟಿಕ್ ಮುಚ್ಚಳಗಳನ್ನು ತಂದುಕೊಟ್ಟೆ. ಪೂಜೆಗೆ ಮುಂಚೆ ಹಾಕಿಸಿ, ಹೊಗೆ ಹೋದ ಮೇಲೆ ತೆಗೆಸಿ ಎಂದೆ. ಸೈರನ್ ಬಾಯಿ ಮುಚ್ಚಿತು, ಸಾಹುಕಾರರು ಖುಷಿಯಾದರು.

ಅಟ್ಟದ ಹೆಂಗಸರಲ್ಲಿ ಜಾವಗಲ್ ಕಡೆಯ ಅಕ್ಕ ಒಬ್ಬಳಿದ್ದಳು. ಕೆಳಗಿಳಿದಾಗೆಲ್ಲ ಬಂದು ನನ್ನ ಏಣಿ ಹಿಡಿದುಕೊಳ್ಳುವಳು. ಒಂದು ದಿನ ಕೇಳಿದಳು: "ಈಗ್ಯಾಕಪ್ಪ ಸುಕ್ರವಾರ ಇದು ಕೂಗಲ್ಲ?"

ಮುಚ್ಚಳದ ಕಥೆ ಹೇಳಲು ನಾಚಿಕೆಯಾಯಿತು. "ರಿಪೇರಿ ಮಾಡಿದ್ದೀನಿ ಅಕ್ಕ. ಇನ್ನು ಸಾಂಬ್ರಾಣಿಗೆ ಕೂಗಲ್ಲ, ಬೆಂಕಿಗೆ ಮಾತ್ರ ಕೂಗುತ್ತೆ" ಎಂದುಬಿಟ್ಟೆ.

"ಭೇಷ್ ಕಣಪ್ಪ, ತಲೆ ಐತೆ ನಿಂಗೆ" ಎಂದಳು. ನಾನು ಉಬ್ಬಿಹೋದೆ.

ಅದಾಗಿ ಕೆಲವು ತಿಂಗಳಿಗೆ, ಒಂದು ಶುಕ್ರವಾರ, ಧೂಪದ ಕೆಂಡವೊಂದು ಹಾರಿ ಗೋಣಿಚೀಲಗಳ ಸಂದಿಗೆ ಬಿತ್ತು. ಯಾರೂ ನೋಡಲಿಲ್ಲ. ಸಾಹುಕಾರರು ಮುಚ್ಚಳ ತೆಗೆಸುವುದನ್ನು ಮರೆತು ಊಟಕ್ಕೆ ಹೋಗಿದ್ದರು. ಹೊಗೆ ಅಟ್ಟಕ್ಕೇರಿದಾಗ ಹೆಂಗಸರು ಎದ್ದರು. ಅಕ್ಕನೇ ತಡೆದಳಂತೆ: "ಕೂತ್ಕೊಳ್ರೇ, ಸಾಂಬ್ರಾಣಿ ಕಣ್ರೇ ಅದು. ಬೆಂಕಿಯಾಗಿದ್ರೆ ಕೂಗ್ತಿರ್ಲಿಲ್ವಾ?" ಸ್ವಲ್ಪ ಹೊತ್ತು ಕೂತಿದ್ದು, ಕೆಮ್ಮು ತಡೆಯಲಾರದೆ ಉಳಿದವರು ಇಳಿದು ಓಡಿದರು. ಅಕ್ಕ ಕೊನೆಗೆ ಎದ್ದಳು. ಅಷ್ಟರಲ್ಲಿ ಮರದ ಮೆಟ್ಟಿಲು ಉರಿಯುತ್ತಿತ್ತು. ಎಣ್ಣೆಯ ಪದಾರ್ಥ, ಎಷ್ಟು ಹೊತ್ತು ಬೇಕು.

ಅಕ್ಕನನ್ನು ನೋಡಲು ಹಾಸನದ ಆಸ್ಪತ್ರೆಗೆ ಹೋದೆ. ಮುಖ ಬಿಟ್ಟರೆ ಮೈಯೆಲ್ಲ ಬ್ಯಾಂಡೇಜು. ಎಲ್ಲವನ್ನೂ ಹೇಳಿಬಿಡಬೇಕೆಂದೇ ಹೋಗಿದ್ದೆ, ದೇವರಾಣೆ. ನನ್ನನ್ನು ಕಂಡದ್ದೇ ಅಕ್ಕ ಅಳತೊಡಗಿದಳು.

"ಎಲ್ಲರ್ನೂ ಸಾಯಿಸ್ಬಿಡ್ತಿದ್ನಲ್ಲಪ್ಪ ನಾನು. ನಾನೇ ಕೂರ್ಸಿದ್ದು ಅವರ್ನ. ನೀನು ಹೇಳಿದ್ದು ನಂಗೆ ಸರಿಯಾಗಿ ಅರ್ಥ ಆಗ್ಲಿಲ್ಲ ಅನ್ಸುತ್ತೆ, ಅಲ್ವಾ?"

ಸುತ್ತ ಅವಳ ಮನೆಯವರು ನಿಂತಿದ್ದರು, ನನ್ನ ಬಾಯಿಯನ್ನೇ ನೋಡುತ್ತಿದ್ದರು. ಹೌದೆಂಬಂತೆ ತಲೆಯಾಡಿಸಿದೆ. ಥೂ, ನನ್ನ ಜನ್ಮಕ್ಕಿಷ್ಟು.

ಮಾರನೆಯ ಬೆಳಿಗ್ಗೆ ಅವಳು ತೀರಿಕೊಂಡಳು, ತಪ್ಪು ತನ್ನದೇ ಎಂದುಕೊಂಡು.